ತುಕ್ಕು ಹಿಡಿದ ಕ್ಷೌರದ ಕತ್ತಿಯನ್ನು ಮತ್ತೆ ಹರಿತಕ್ಕೆ ತರುವುದು: ಕರಾವಳಿಯವರಿಗೊಂದು ಸಮಗ್ರ ಮಾರ್ಗದರ್ಶಿ

ಕಾರವಾರದಿಂದ ಭಟ್ಕಳದವರೆಗೆ, ಘಟ್ಟ ಹತ್ತಿದರೆ ಶಿರಸಿ–ಸಿದ್ದಾಪುರದಲ್ಲೂ, ಹಳೆಯ ಮನೆಗಳ ಪೆಟ್ಟಿಗೆಯಲ್ಲಿ, ಹಳೆಯ ಕ್ಷೌರದಂಗಡಿಗಳ ಮೇಜಿನ ಖಾನೆಯಲ್ಲಿ ಮಡಚುವ ಕ್ಷೌರದ ಕತ್ತಿ ಇನ್ನೂ ಸಿಗುತ್ತದೆ. ಅರ್ಧ ಬ್ಲೇಡು ಸಿಕ್ಕಿಸುವ ಕತ್ತಿಗಳು ಬಂದ ಮೇಲೆ ಇವು ಮೂಲೆ ಸೇರಿದವು. ಮಸೆದು ಮಸೆದು ಸವೆದು ಹೋದವು ಇವುಗಳಲ್ಲಿ ಕಡಿಮೆ. ಹೆಚ್ಚಿನವು ಕೆಟ್ಟದ್ದು ಉಪ್ಪುಗಾಳಿಗೆ. ಉಳಿದವನ್ನು ಸರಿಮಾಡಲು ಹೊರಟವರ ಅವಸರವೇ ಕೆಡಿಸುತ್ತದೆ: ತಿರುಗುವ ಸಾಣೆಚಕ್ರಕ್ಕೆ ಒಡ್ಡುವುದು, ಹುಳಿಯಲ್ಲಿ ರಾತ್ರಿಯಿಡೀ ನೆನೆಹಾಕುವುದು, ಮೆಟ್ಟುಗತ್ತಿ ಮಸೆಯುವ ಒರಟು ಕಲ್ಲಿಗೆ ತಿಕ್ಕುವುದು. ಈ ಕೆಲಸದಲ್ಲಿ ಉಕ್ಕನ್ನು ಎಷ್ಟು ಕಡಿಮೆ ತೆಗೆಯುತ್ತೀರೋ ಅಷ್ಟು ಒಳ್ಳೆಯದು. ತೆಗೆದದ್ದನ್ನು ಮತ್ತೆ ಅಂಟಿಸಲು ಬರುವುದಿಲ್ಲ.

ಕತ್ತಿಯ ಲೆಕ್ಕಾಚಾರ

ಅಡುಗೆಮನೆಯ ಚಾಕು ಮಸೆಯುವಾಗ ಕೋನವನ್ನು ಕೈಯೇ ಹಿಡಿಯಬೇಕು. ಕ್ಷೌರದ ಕತ್ತಿಯಲ್ಲಿ ಆ ಕಷ್ಟವಿಲ್ಲ. ಬೆನ್ನು ಮತ್ತು ಬಾಯಿ (ಹರಿತದ ಅಂಚು) ಎರಡೂ ಒಟ್ಟಿಗೆ ಕಲ್ಲಿಗೆ ತಾಗುವಂತೆ ಮಲಗಿಸಿದರೆ ಸಾಕು, ಬೆನ್ನಿನ ದಪ್ಪವೇ ಕೋನವನ್ನು ತೀರ್ಮಾನಿಸುತ್ತದೆ. ಬೆನ್ನು 5 ಮಿ.ಮೀ. ದಪ್ಪವಿದ್ದು, ಬೆನ್ನು ಕಲ್ಲಿಗೆ ತಾಗುವ ಜಾಗದಿಂದ ಬಾಯಿಯವರೆಗೆ 17 ಮಿ.ಮೀ. ಇದ್ದರೆ ಕೋನ ಸುಮಾರು 17 ಡಿಗ್ರಿ. ಅಗಲವನ್ನು ದಪ್ಪದಿಂದ ಭಾಗಿಸಿದಾಗ 3.2ರಿಂದ 4ರೊಳಗೆ ಬಂದರೆ ಕತ್ತಿ ಆರೋಗ್ಯವಾಗಿದೆ ಎಂದರ್ಥ. 3ಕ್ಕಿಂತ ಕೆಳಗೆ ಬಂದರೆ ಕೋನ 19 ಡಿಗ್ರಿ ದಾಟಿ ಕೂದಲು ಎಳೆಯುತ್ತದೆ. 4ಕ್ಕಿಂತ ಮೇಲೆ ಹೋದರೆ ಬಾಯಿ ತೆಳುವಾಗಿ ಪುಡಿಯಾಗುತ್ತದೆ. ಕೆಲಸಕ್ಕೆ ಕೂರುವ ಮೊದಲು ವರ್ನಿಯರ್ ಕ್ಯಾಲಿಪರ್‌ನಿಂದ ತುದಿ, ನಡು, ಬುಡ ಮೂರೂ ಕಡೆ ಅಳೆದು ಬರೆದಿಡಿ.

ಕತ್ತಿಯ ಅಗಲವನ್ನು ಇಂಚಿನ ಎಂಟನೇ ಭಾಗಗಳಲ್ಲಿ ಹೇಳುವುದು ರೂಢಿ: 5/8 ಎಂದರೆ ಸುಮಾರು 16 ಮಿ.ಮೀ., 6/8 ಎಂದರೆ 19, 7/8 ಎಂದರೆ 22. ನಮ್ಮಲ್ಲಿ ಸಿಗುವ ಹಳೆಯ ಕತ್ತಿಗಳ ಬಾಲದ (ಅಲಗಿನಿಂದ ಹಿಡಿಯ ಕಡೆಗೆ ಚಾಚಿದ ಭಾಗದ) ಮೇಲೆ ಜರ್ಮನಿಯ ಸೋಲಿಂಗೆನ್ ಅಥವಾ ಇಂಗ್ಲೆಂಡಿನ ಶೆಫೀಲ್ಡ್ ಎಂಬ ಮುದ್ರೆ ಇದ್ದರೆ ಉಕ್ಕು ಸಾಮಾನ್ಯವಾಗಿ ನಂಬಿಕೆಯದು. ಶೆಫೀಲ್ಡಿನ ಹಳೆಯ ಕತ್ತಿಗಳು ಆಪಿನಂತೆ ದಪ್ಪ. ಸೋಲಿಂಗೆನ್ನಿನ ಹೆಚ್ಚಿನವು ಎರಡೂ ಬದಿ ತಗ್ಗಾಗಿ ಕೊರೆದವು, ಅಲಗು ಕಾಗದದಷ್ಟು ತೆಳು. ಆಪಿನಂಥ ಕತ್ತಿ ಕಲ್ಲಿಗೆ ಅಗಲವಾಗಿ ತಾಗುವುದರಿಂದ ಮಸೆಯಲು ಹೆಚ್ಚು ಹೊತ್ತು ಬೇಕು. ಮೊದಲ ಸಲ ಕೈಹಾಕುವವರು ತಗ್ಗು ಕೊರೆದ 5/8 ಅಥವಾ 6/8 ಕತ್ತಿಯನ್ನೇ ಆರಿಸಿಕೊಳ್ಳಿ.

ಉಳಿಯುತ್ತದೋ ಇಲ್ಲವೋ

ಒಳ್ಳೆಯ ಬೆಳಕಿನಲ್ಲಿ ನೋಡಿ. ಬಾಯಿಯಿಂದ ಒಳಕ್ಕೆ ಕೂದಲಿನಷ್ಟು ತೆಳುವಾದ ಬಿರುಕು ಕಂಡರೆ ಅಲ್ಲಿಗೆ ಮುಗಿಯಿತು, ಆ ಕತ್ತಿ ಮುಖಕ್ಕೆ ತರುವಂಥದ್ದಲ್ಲ. ಬಿರುಕು ಕಣ್ಣಿಗೆ ಬೀಳದಿದ್ದರೂ ಅಲಗಿನ ಬಾಯಿಯ ಹತ್ತಿರ ಉಗುರಿನಿಂದ ಮೆಲ್ಲಗೆ ಮೀಟಿ ಕೇಳಿ. ತಗ್ಗು ಕೊರೆದ ಗಟ್ಟಿ ಅಲಗು ಸಣ್ಣಗೆ ಝಣಗುಟ್ಟುತ್ತದೆ. ಒಂದು ಜಾಗದಲ್ಲಿ ಸದ್ದು ಸತ್ತಂತಿದ್ದರೆ ಅಲ್ಲಿ ಲೆನ್ಸ್ ಹಿಡಿದು ಹುಡುಕಿ.

ತುಕ್ಕಿನಲ್ಲಿ ಎರಡು ಬಗೆ. ಬೆರಳಿಗೆ ಹತ್ತುವ ಕೆಂಪು ತುಕ್ಕು ಜೀವಂತ, ಇನ್ನೂ ತಿನ್ನುತ್ತಿರುತ್ತದೆ. ನುಣುಪಾಗಿ ಕೂತ ಕಪ್ಪು ಅಥವಾ ಬೂದು ಕಲೆ ಹೆಚ್ಚಿನ ಹಾನಿ ಮಾಡುವುದಿಲ್ಲ, ಬಿಟ್ಟರೂ ನಡೆಯುತ್ತದೆ. ನಿಜವಾಗಿ ತೊಂದರೆ ಕೊಡುವುದು ಗುಳಿ. ಉಪ್ಪಿನ ಕಣ ಕೂತ ಜಾಗದಲ್ಲಿ ತುಕ್ಕು ಅಗಲವಾಗಿ ಹರಡದೆ ಸೂಜಿ ಚುಚ್ಚಿದಂತೆ ಆಳಕ್ಕೆ ಇಳಿಯುತ್ತದೆ. ಬೆನ್ನಿನ ಕಡೆ ಇರುವ ಗುಳಿ ನೋಟದ ಕುಂದು ಅಷ್ಟೇ. ಬಾಯಿಯಿಂದ 1 ಮಿ.ಮೀ. ಒಳಗೆ ಗುಳಿಗಳ ಸಾಲು ಇದ್ದರೆ ಮಾತ್ರ ಯೋಚಿಸಿ: ಮಸೆಯುತ್ತಾ ಹೋದಂತೆ ಬಾಯಿ ಆ ಗುಳಿಯನ್ನು ತಲುಪಿ ಅಲ್ಲೇ ಮುರಿಯುತ್ತದೆ.

ಬೆನ್ನಿನ ಮೇಲೆ ಮಸೆದ ಚಪ್ಪಟೆ ಗೆರೆಯನ್ನೂ ನೋಡಿ. ಎರಡೂ ಬದಿ ಒಂದೇ ಅಗಲ, ಸುಮಾರು 1 ಮಿ.ಮೀ. ಇದ್ದರೆ ಹಿಂದಿನವರು ಸರಿಯಾಗಿ ಬಳಸಿದ್ದಾರೆ. ಒಂದು ತುದಿಯಲ್ಲಿ ಅಗಲ, ಇನ್ನೊಂದು ತುದಿಯಲ್ಲಿ ಗೆರೆಯೇ ಇಲ್ಲ ಎಂದರೆ ಕತ್ತಿ ಬಾಗಿದೆ, ಇಲ್ಲವೇ ಕೈ ಒತ್ತಿದೆ.

ತುಕ್ಕು ತೆಗೆಯುವುದು

ಮೊದಲು ಬಾಯನ್ನು ಉದ್ದೇಶಪೂರ್ವಕವಾಗಿ ಮೊಂಡು ಮಾಡಿ. ಗಾಜಿನ ಲೋಟದ ಅಂಚಿನ ಮೇಲೆ ಒಂದು ಸಲ, ಕತ್ತಿಯ ಭಾರದಲ್ಲೇ ಎಳೆದರೆ ಸಾಕು. ತುಕ್ಕು ತಿಕ್ಕುವಾಗ ಕೈ ಕೊಯ್ಯುವ ಅಪಾಯ ತಪ್ಪುತ್ತದೆ, ಹಳೆಯ ಕೊಳೆತ ಬಾಯಿಯೂ ಹೋಗುತ್ತದೆ. ಇನ್ನೊಂದು ನಿಯಮ: ಕತ್ತಿ ಕೈಯಿಂದ ಜಾರಿದರೆ ಹಿಡಿಯಲು ಹೋಗಬೇಡಿ, ಬೀಳಲಿ. ಕೆಳಗೆ ದಪ್ಪ ಟವೆಲ್ ಹಾಸಿಟ್ಟುಕೊಂಡರೆ ಕತ್ತಿಯೂ ಉಳಿಯುತ್ತದೆ.

ಹುಣಸೆಹಣ್ಣು, ಮುರುಗಲು, ಲಿಂಬು ಎಲ್ಲವೂ ತಾಮ್ರ–ಹಿತ್ತಾಳೆಗೆ ಚೆನ್ನ. ಇಲ್ಲಿ ಬೇಡ. ಹುಳಿ ತುಕ್ಕನ್ನು ಕರಗಿಸಿದ ಮೇಲೆ ನಿಲ್ಲುವುದಿಲ್ಲ, ಗಟ್ಟಿ ಉಕ್ಕನ್ನೂ ಕಚ್ಚುತ್ತದೆ, ಮೊದಲು ಕಚ್ಚುವುದು ತೆಳುವಾದ ಬಾಯನ್ನೇ. ವಿನೆಗರ್‌ಗೂ ಇದೇ ಮಾತು.

ಅಲಗಿಗೆ ಸೀಮೆಎಣ್ಣೆ ಅಥವಾ ಡಬ್ಲ್ಯುಡಿ-40 ಸವರಿ 24 ಗಂಟೆ ಬಿಡಿ. ಎಣ್ಣೆ ತುಕ್ಕಿನ ಪದರದ ಕೆಳಗೆ ನುಸುಳಿ ಅದನ್ನು ಸಡಿಲಿಸುತ್ತದೆ. ನಂತರ ಕ್ಷೌರದ ಸಾಧಾರಣ ಬ್ಲೇಡನ್ನು ಅಲಗಿನ ಮೇಲೆ ಬಹುತೇಕ ಮಲಗಿಸಿ ಹಿಡಿದು ಕೆರೆಯಿರಿ. ಕೆಂಪು ಹಿಟ್ಟು ಮೇಲೆ ಬರುತ್ತದೆ, ಉಕ್ಕಿಗೆ ಗೀರು ಬೀಳುವುದಿಲ್ಲ. ಉಳಿದದ್ದಕ್ಕೆ ಅತಿ ನಯವಾದ 0000 ನಂಬರಿನ ಉಕ್ಕಿನ ನಾರು. ಪಾತ್ರೆ ತಿಕ್ಕುವ ದಪ್ಪ ನಾರು ಬಳಸಿದರೆ ಆಳವಾದ ಗೀರು ಬೀಳುತ್ತದೆ, ಆ ಗೀರಿನಲ್ಲೇ ಮುಂದಿನ ಮಳೆಗಾಲದ ತುಕ್ಕು ಹುಟ್ಟುತ್ತದೆ.

ಇಷ್ಟರಲ್ಲೇ ತೃಪ್ತರಾಗಿ ನಿಲ್ಲಿಸುವುದು ಹೆಚ್ಚಿನ ಸಲ ಜಾಣತನ. ಹೊಳಪು ಬೇಕೇ ಬೇಕೆನ್ನುವವರು ನೀರು ತಾಗಿಸಿ ಬಳಸುವ ಉಜ್ಜುಕಾಗದವನ್ನು 600, 1000, 1500, 2000 ಈ ಕ್ರಮದಲ್ಲಿ ಬಳಸಬಹುದು. ಅಲಗನ್ನು ಮರದ ಹಲಗೆಯ ಅಂಚಿಗೆ ಸರಿಯಾಗಿ ಮಲಗಿಸಿ, ಕಾಗದವನ್ನು ಬೆನ್ನಿನಿಂದ ಬಾಯಿಯ ಕಡೆಗೆ ಮಾತ್ರ ಎಳೆಯಿರಿ. ಬಾಯಿಗೆ ಎದುರಾಗಿ ಕೈ ಹೋಗಲೇಬಾರದು. ಪ್ರತಿ ಕಾಗದದ ಕೆಲಸ ಮುಗಿಯುವುದು ಹಿಂದಿನ ಕಾಗದದ ಗೀರು ಮಾಯವಾದಾಗ. ಕೊನೆಗೆ ಬ್ರಾಸೋದಂಥ ಲೋಹದ ಪಾಲಿಶ್. ಆದರೆ ಅಲಗಿನ ಮೇಲೆ ಚಿನ್ನದ ಬಣ್ಣದ ಅಕ್ಷರ, ಚಿತ್ರ ಇದ್ದರೆ ಅಲ್ಲಿ ಪಾಲಿಶ್ ಮುಟ್ಟಿಸಬೇಡಿ. ಆ ಲೇಪ ಬಹಳ ತೆಳು, ಒಂದೆರಡು ಸಲ ಉಜ್ಜಿದರೆ ಹೋಯಿತು.

ತಿರುಗುವ ಯಂತ್ರ ಏಕೆ ಬೇಡ ಎಂಬುದನ್ನೂ ಹೇಳಿಬಿಡಬೇಕು. ಈ ಉಕ್ಕನ್ನು ಕಾಯಿಸಿ ತಣಿಸಿ ಗಟ್ಟಿಮಾಡಿದ ಮೇಲೆ ಹದ ಕೊಟ್ಟಿರುವುದು 200 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ. ಕಾಗದದಷ್ಟು ತೆಳುವಾದ ಬಾಯಿ ಚಕ್ರಕ್ಕೆ ತಾಗಿದರೆ ಕ್ಷಣದಲ್ಲಿ ಅದನ್ನು ಮೀರಿ ಕಾಯುತ್ತದೆ. ನೀಲಿ ಬಣ್ಣ ಕಂಡರೆ ಅಲ್ಲಿಗೆ ಸುಮಾರು 300 ಡಿಗ್ರಿ ಮುಟ್ಟಿದೆ, ಆ ಜಾಗ ಮೆತ್ತಗಾಗಿದೆ, ಇನ್ನೆಷ್ಟು ಮಸೆದರೂ ಹರಿತ ನಿಲ್ಲದು. ಬರಿಗೈಯಲ್ಲಿ ಹಿಡಿದು ಕೆಲಸ ಮಾಡಿದರೆ ಬಿಸಿ ಮೊದಲು ಬೆರಳಿಗೇ ಗೊತ್ತಾಗುತ್ತದೆ.

ಹಿಡಿ

ಹಿಡಿ ಗಟ್ಟಿಯಾಗಿದ್ದು, ಮಡಚಿದಾಗ ಅಲಗು ಎರಡೂ ಹಲ್ಲೆಗಳ (ಹಿಡಿಯ ಎರಡು ಬದಿಯ ಪಟ್ಟಿಗಳ) ನಡುವೆ ಸರಿಯಾಗಿ ಕೂರುತ್ತಿದ್ದರೆ ಬಿಚ್ಚಬೇಡಿ. ಸಡಿಲವಾಗಿದ್ದರೆ ಮೊಳೆಯ ತಲೆಗೆ ಸಣ್ಣ ಸುತ್ತಿಗೆಯಿಂದ ಸುತ್ತಲೂ ಮೆಲ್ಲನೆ ತಟ್ಟಿದರೆ ಬಿಗಿಯುತ್ತದೆ. ಅಕ್ಕಸಾಲಿಗರ ಸುತ್ತಿಗೆ ಇದಕ್ಕೆ ಹೇಳಿ ಮಾಡಿಸಿದಂತಿರುತ್ತದೆ.

ಹಿಡಿ ಯಾವುದರದ್ದೆಂದು ತಿಳಿಯುವುದು ಮುಖ್ಯ. ಬಟ್ಟೆಯಿಂದ ಬಿರುಸಾಗಿ ಉಜ್ಜಿ ಮೂಸಿದಾಗ ಕರ್ಪೂರದ ವಾಸನೆ ಬಂದರೆ ಅದು ಸೆಲ್ಯುಲಾಯ್ಡ್. ಬೇಗ ಬೆಂಕಿ ಹಿಡಿಯುವ ವಸ್ತು, ಕಾದ ಸೂಜಿ ಚುಚ್ಚಿ ಪರೀಕ್ಷಿಸಲೇಬೇಡಿ. ಹಳೆಯ ಸೆಲ್ಯುಲಾಯ್ಡ್ ಕೊಳೆಯುವಾಗ ನೈಟ್ರೋಜನ್ನಿನ ಆಕ್ಸೈಡುಗಳನ್ನು ಬಿಡುತ್ತದೆ. ನಮ್ಮ ತೇವದ ಗಾಳಿಯೊಡನೆ ಸೇರಿ ಅದು ಆಮ್ಲವಾಗಿ ಅಲಗನ್ನು ತಿನ್ನುತ್ತದೆ. ಅಲಗಿನ ಮೇಲಿನ ತುಕ್ಕು ಸರಿಯಾಗಿ ಹಿಡಿಯ ಆಕಾರದಲ್ಲೇ ಕೂತಿದ್ದರೆ ಕಾರಣ ಇದೇ. ಅಂಥ ಹಿಡಿಯನ್ನು ಬದಲಿಸದೆ ಎಷ್ಟು ತಿಕ್ಕಿದರೂ ತುಕ್ಕು ಮರಳುತ್ತದೆ. ಇನ್ನು ಆನೆದಂತದ ಹಿಡಿಯ ಕತ್ತಿಯನ್ನು ಯಾರಾದರೂ ಮಾರಲು ತಂದರೆ ಕೊಳ್ಳಬೇಡಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದರ ವ್ಯಾಪಾರ ಅಪರಾಧ.

ಬದಲಿಸುವುದಾದರೆ ಮೊಳೆಯ ತಲೆಯನ್ನು ಅರದಿಂದ ಉಜ್ಜಿ ತೆಗೆದು ಸಣ್ಣ ಮೊಳೆಯಿಂದ ತಳ್ಳಿ ಹೊರಹಾಕಿ. ಹೊಸ ಹಿಡಿಗೆ 3 ಮಿ.ಮೀ. ದಪ್ಪದ ಸೀಸಂ ತುಂಡು ಸಾಕು. ಶಿರಸಿ, ಕುಮಟಾ, ಹೊನ್ನಾವರದ ಗುಡಿಗಾರರ ಕೈಗೆ ಕೊಟ್ಟರೆ ಎರಡು ಹಲ್ಲೆಗಳೂ ಕನ್ನಡಿ ಹಿಡಿದಂತೆ ಒಂದೇ ಬರುತ್ತವೆ. ಮಳೆಗಾಲದಲ್ಲಿ ಮರ ಉಬ್ಬದಂತೆ ಒಳಮೈಗೂ ವಾರ್ನಿಶ್ ಬಳಿಯಿರಿ. ಮೊಳೆಗೆ 1.6 ಮಿ.ಮೀ. ಹಿತ್ತಾಳೆ ಸರಳು, ಎರಡೂ ಕಡೆ ಸಣ್ಣ ವಾಶರ್. ಸರಳನ್ನು ವಾಶರಿನಿಂದ 1 ಮಿ.ಮೀ.ಗಿಂತ ಹೆಚ್ಚು ಹೊರಗೆ ಬಿಡಬೇಡಿ, ಉದ್ದ ಬಿಟ್ಟರೆ ತಟ್ಟುವಾಗ ತಲೆಯಾಗುವ ಬದಲು ಬಾಗುತ್ತದೆ.

ಕಲ್ಲುಗಳು

ನಮ್ಮಲ್ಲಿ ಸಾಣೆಕಲ್ಲು ಎಂದರೆ ಗಂಧ ತೇಯುವುದಕ್ಕೂ ಅದೇ ಹೆಸರು. ಆ ಕಲ್ಲು ಈ ಕೆಲಸಕ್ಕಲ್ಲ. ಅಂಗಡಿಯಲ್ಲಿ ಸಿಗುವ ಎರಡು ಬದಿಯ ಕಪ್ಪು ಕಾರ್ಬೊರಂಡಮ್ ಕಲ್ಲು ಕತ್ತಿ–ಕೊಡಲಿಗೆ ಸರಿ, ಅದರ ನಯವಾದ ಬದಿಯೂ ಕ್ಷೌರದ ಕತ್ತಿಗೆ ಒರಟೇ. ಬೇಕಾದದ್ದು ನೀರು ತಾಗಿಸಿ ಮಸೆಯುವ ನೀರಿನ ಕಲ್ಲುಗಳು, ನಂಬರ್ ಹೆಚ್ಚಿದಷ್ಟೂ ಕಲ್ಲು ನಯ: 1000, 3000ರಿಂದ 5000ರ ನಡುವಿನ ಒಂದು, 8000. ಸಾಧ್ಯವಾದರೆ 12000. ಕಿಂಗ್, ನಾನಿವಾ, ನಾರ್ಟನ್ ಇವುಗಳಲ್ಲಿ ಹೆಸರಾದ ತಯಾರಕರು. ಹಣ ಇಕ್ಕಟ್ಟಾಗಿದ್ದರೆ ಒಳ್ಳೆಯ 1000 ಮತ್ತು 8000ಕ್ಕೆ ಖರ್ಚುಮಾಡಿ, ನಡುವಿನದನ್ನು ಆಮೇಲೆ ಕೊಂಡರಾಯಿತು. 1000ದ ಗೀರು ತೆಗೆಯಲು 8000ದ ಮೇಲೆ ಬಹಳ ಹೊತ್ತು ಕೂರಬೇಕಾಗುತ್ತದೆ, ಅಷ್ಟೇ.

ಕಿಂಗ್ 1000ದಂಥ ಹೀರುವ ಕಲ್ಲನ್ನು ಗುಳ್ಳೆ ನಿಲ್ಲುವವರೆಗೆ, ಅಂದರೆ 10–15 ನಿಮಿಷ, ನೀರಿನಲ್ಲಿ ಮುಳುಗಿಸಿ. ರಾಳದಿಂದ ಕಟ್ಟಿದ ಕಲ್ಲುಗಳಿಗೆ ಮೇಲಿನಿಂದ ನೀರು ಚಿಮುಕಿಸಿದರೆ ಸಾಕು, ನೆನೆಸಿಟ್ಟರೆ ಮೆತ್ತಗಾಗಿ ಬಿರುಕು ಬಿಡುತ್ತವೆ. ನೀರಿನ ವಿಷಯದಲ್ಲಿ ಕರಾವಳಿಯವರು ಎಚ್ಚರ ವಹಿಸಬೇಕು. ಅಘನಾಶಿನಿಯ ಗಜನಿಗಳ (ಉಪ್ಪುನೀರು ಏರುವ ತಗ್ಗು ಗದ್ದೆಗಳ) ಪಕ್ಕ, ಕಾಳಿ ನದಿ ಸಮುದ್ರ ಸೇರುವ ಕಡೆ ಬೇಸಿಗೆಯಲ್ಲಿ ಬಾವಿ ನೀರು ಉಪ್ಪಾಗುತ್ತದೆ. ಆ ನೀರಿನಲ್ಲಿ ಮಸೆದರೆ ಹೊಸ ಬಾಯಿಗೆ ಅದೇ ಸಂಜೆ ತುಕ್ಕು ಹತ್ತಲು ಶುರು. ಮಳೆ ನೀರು ಅಥವಾ ಬಾಟಲಿಯ ನೀರು ಬಳಸಿ.

ಕಲ್ಲು ಸಮತಟ್ಟಾಗಿರಲೇಬೇಕು. ಮೇಲ್ಮೈಯಲ್ಲಿ ಪೆನ್ಸಿಲಿನಿಂದ ಚೌಕಳಿ ಗೆರೆ ಎಳೆದು, ದಪ್ಪ ಗಾಜಿನ ಮೇಲೆ 220ರಿಂದ 400ರ ಉಜ್ಜುಕಾಗದವನ್ನು ಒದ್ದೆಮಾಡಿ ಹಾಸಿ, ಗೆರೆಗಳೆಲ್ಲ ಒಂದೇ ಸಮ ಅಳಿಸುವವರೆಗೆ ಕಲ್ಲನ್ನು ಉಜ್ಜಿ. ಹೊಸ ಕಲ್ಲಿಗೂ ಇದನ್ನು ಮಾಡಿ. ಅಂಚುಗಳನ್ನು ಸ್ವಲ್ಪ ಗುಂಡಾಗಿಸಿ, ಚೂಪಾದ ಅಂಚು ಬಾಯಿಗೆ ಗೀರು ಹಾಕುತ್ತದೆ.

1000ದ ಕಲ್ಲಿನ ಮೇಲೆ

ಇಡೀ ಕೆಲಸದ ತೀರ್ಮಾನವಾಗುವುದು ಇಲ್ಲೇ. ಬಾಯಿಯ ಎರಡೂ ಬದಿಯ ಇಳಿಜಾರು (ಕಲ್ಲಿಗೆ ತಾಗಿ ಸವೆಯುವ ಕಿರಿದಾದ ಪಟ್ಟಿ) ಬುಡದಿಂದ ತುದಿಯವರೆಗೆ ಒಂದೇ ಗೆರೆಯಲ್ಲಿ ಕೂಡಬೇಕು. ಅದು ಕೂಡದೆ 8000ಕ್ಕೆ ಹೋದರೆ ಮೊಂಡು ಬಾಯಿಗೆ ಹೊಳಪು ಬರುತ್ತದೆ, ಹರಿತ ಬರುವುದಿಲ್ಲ. ಸಿಗುವ ಹತ್ತು ದೂರುಗಳಲ್ಲಿ ಹೆಚ್ಚಿನವುಗಳ ಬೇರು ಇಷ್ಟೇ.

ಬೆನ್ನಿಗೆ ಒಂದು ಸುತ್ತು ವಿದ್ಯುತ್ ಟೇಪ್ ಉದ್ದಕ್ಕೆ ಅಂಟಿಸಿ. ಬೆನ್ನು ಸವೆಯುವುದು ತಪ್ಪುತ್ತದೆ, ಕೋನ ಸುಮಾರು 1 ಡಿಗ್ರಿ ಹೆಚ್ಚುತ್ತದೆ. ಬೆನ್ನು ಆಗಲೇ ಸವೆದ ಕತ್ತಿಗೆ ಈ ಏರಿಕೆಯೇ ಔಷಧ. ಟೇಪ್ ತೂತಾದ ಕೂಡಲೇ ಬದಲಿಸಿ. ಒಮ್ಮೆ ಟೇಪಿನೊಂದಿಗೆ ಶುರುಮಾಡಿದರೆ ಕೊನೆಯ ಕಲ್ಲಿನವರೆಗೂ ಟೇಪ್ ಇರಲಿ, ನಡುವೆ ಕಿತ್ತರೆ ಬಾಯಿ ಕಲ್ಲಿಗೆ ತಾಗುವುದೇ ಇಲ್ಲ.

ಬಾಯಿಯ ಇಳಿಜಾರಿಗೆ ಮಾರ್ಕರ್ ಮಸಿ ಬಳಿದು ಎರಡು ಸಲ ಎಳೆದು ನೋಡಿ. ಮಸಿ ಎಲ್ಲಿ ಉಳಿದಿದೆಯೋ ಅಲ್ಲಿ ಕಲ್ಲು ತಾಗುತ್ತಿಲ್ಲ. ಮಸಿ ಇಳಿಜಾರಿನ ಮೇಲ್ಭಾಗದಲ್ಲಿ ಮಾತ್ರ ಅಳಿಸಿ ಬಾಯಂಚಿನಲ್ಲಿ ಉಳಿದರೆ ಇನ್ನೂ ಮಸೆಯುವುದಿದೆ. ನಡುವಿನಲ್ಲಿ ಅಳಿಸಿ ತುದಿಯಲ್ಲಿ ಉಳಿದರೆ ಕತ್ತಿ ಬಾಗಿದೆ.

ಒತ್ತಡದ ಅಂದಾಜು ಹೇಳಿ ತಿಳಿಯುವಂಥದ್ದಲ್ಲ. ಕಲ್ಲನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ಕತ್ತಿ ಎಳೆಯುತ್ತಾ ಅಂಕಿ ನೋಡಿ. ಶುರುವಿನಲ್ಲಿ 250–300 ಗ್ರಾಂ ಇರಲಿ. ಬೆರಳು ಬೆನ್ನಿನ ಹತ್ತಿರ ಇರಬೇಕು, ಅಲಗಿನ ನಡುವೆ ಒತ್ತಿದರೆ ತೆಳು ಅಲಗು ಬಾಗಿ ಇಳಿಜಾರು ತಪ್ಪಾಗಿ ಸವೆಯುತ್ತದೆ.

ಒಂದು ಬದಿಯಲ್ಲಿ ಸಣ್ಣ ವೃತ್ತಗಳಲ್ಲಿ 30 ಸಲ, ತಿರುಗಿಸಿ ಇನ್ನೊಂದು ಬದಿಯಲ್ಲಿ 30. ತಿರುಗಿಸುವುದು ಬೆನ್ನಿನ ಮೇಲೆ, ಬಾಯಿ ಕಲ್ಲಿನಿಂದ ಮೇಲೆದ್ದಿರಬೇಕು. ಆಮೇಲೆ ಬಾಯಿ ಮುಂದಾಗಿ, ಕಲ್ಲಿನ ಮೇಲೆ ಓರೆಯಾಗಿ ಗುಣಾಕಾರ ಚಿಹ್ನೆ ಬರೆದಂತೆ 10 ಎಳೆತ. ಬುಡದಲ್ಲಿ ಶುರು, ತುದಿಯಲ್ಲಿ ಕೊನೆ. ಓರೆ ಎಳೆತ ಬಾಗಿದ ಅಲಗಿಗೂ ಕಲ್ಲು ಎಲ್ಲ ಕಡೆ ತಾಗುವಂತೆ ನೋಡಿಕೊಳ್ಳುತ್ತದೆ. ಅಲಗು ಬಾಲಕ್ಕೆ ಸೇರುವ ದಪ್ಪ ಭುಜ ಕಲ್ಲಿನ ಮೇಲೆ ಹತ್ತದಂತೆ ಎಚ್ಚರ, ಅದು ಹತ್ತಿದರೆ ಬುಡದ ಬಾಯಿ ಮೇಲೆದ್ದು ಅಲ್ಲಿ ಹರಿತವೇ ಬರುವುದಿಲ್ಲ. ಒಂದು ಸುತ್ತು ಮುಗಿಸಿ ಪರೀಕ್ಷಿಸಿ, ಮತ್ತೆ ಸುತ್ತು. ಹಳೆಯ ಕತ್ತಿಗೆ 20 ನಿಮಿಷವೂ ಸಾಕಾಗಬಹುದು, ಒಂದು ಗಂಟೆಯೂ ಹಿಡಿಯಬಹುದು.

ಪರೀಕ್ಷೆ ಹೀಗೆ. ಬಾಯನ್ನು ಮೇಲ್ಮುಖವಾಗಿ ಹಿಡಿದು ದೀಪದ ಕೆಳಗೆ ನೋಡಿ: ಹರಿತವಾದ ಬಾಯಿಗೆ ಹೊಳಪಿಲ್ಲ, ಬೆಳಕು ಮಿಂಚಿದಲ್ಲಿ ಮೊಂಡು ಉಳಿದಿದೆ. ಹಣ್ಣಾದ ಟೊಮೆಟೊ ಮೇಲೆ ಒತ್ತದೆ ಇಟ್ಟು ಎಳೆದರೆ ಬುಡ, ನಡು, ತುದಿ ಮೂರೂ ಕಡೆ ಸಿಪ್ಪೆ ಹಿಡಿಯಬೇಕು. ಮುಂಗೈ ಕೂದಲನ್ನು ಚರ್ಮದ ಮಟ್ಟದಲ್ಲಿ ಎಲ್ಲ ಕಡೆಯಿಂದಲೂ ಕತ್ತರಿಸಬೇಕು. ಒಂದು ಕಡೆ ಕತ್ತರಿಸಿ ಇನ್ನೊಂದು ಕಡೆ ಕತ್ತರಿಸದಿದ್ದರೆ ಮುಂದಿನ ಕಲ್ಲಿಗೆ ಹೋಗಬೇಡಿ.

ಬಾಯಿಯಲ್ಲಿ ಚಕ್ಕೆ ಎದ್ದಿದ್ದರೆ ಇದೇ ಕಲ್ಲಿನ ಮೇಲೆ, ತಾಳ್ಮೆಯಿಂದ, ಎರಡೂ ಬದಿ ಸಮನಾಗಿ ಮಸೆದು ಅದರ ತಳ ಮುಟ್ಟಬೇಕು. ಅರ್ಧ ಮಿ.ಮೀ.ಗಿಂತ ಆಳವಾದ ಚಕ್ಕೆಯಾದರೆ ಅಗಲ ಕುಗ್ಗಿ ಕೋನ ಏರುವುದನ್ನು ಮೊದಲೇ ಲೆಕ್ಕ ಹಾಕಿ ನೋಡಿ.

ಮುಂದಿನ ಕಲ್ಲುಗಳು

ಇಲ್ಲಿಂದ ಕೆಲಸ ಹಗುರ. ಪ್ರತಿ ಕಲ್ಲು ಬದಲಿಸುವಾಗ ಕತ್ತಿ, ಕೈ ಎರಡನ್ನೂ ತೊಳೆಯಿರಿ, 1000ದ ಒಂದು ಕಣ 8000ಕ್ಕೆ ಬಂದರೂ ಗೀರು ಬೀಳುತ್ತದೆ. ನಡುವಿನ ಕಲ್ಲಿನ ಮೇಲೆ 100 ಗ್ರಾಂ ಒತ್ತಡದಲ್ಲಿ 40–50 ಓರೆ ಎಳೆತ. ಲೆನ್ಸಿನಲ್ಲಿ 1000ದ ಗೀರು ಕಾಣದಿರುವವರೆಗೆ. 8000ದ ಮೇಲೆ 40, ಕೊನೆಯ 20 ಕತ್ತಿಯ ಸ್ವಂತ ಭಾರದಲ್ಲಿ ಮಾತ್ರ. ಕತ್ತಿ ಕಲ್ಲಿಗೆ ಹೀರಿಕೊಂಡಂತೆ ಅಂಟತೊಡಗಿದರೆ ಎರಡೂ ಸಮತಟ್ಟಾಗಿವೆ ಎಂದು ತಿಳಿಯಿರಿ, ನೀರು ಇನ್ನಷ್ಟು ಹಾಕಿ. 12000 ಇದ್ದರೆ ಶುದ್ಧ ನೀರಿನಲ್ಲಿ 20–30.

ಎಳೆತ ಹೆಚ್ಚಾದಷ್ಟೂ ಒಳ್ಳೆಯದೆಂದು ಮುಂದುವರಿಸಿದರೆ ಬಾಯಂಚಿನಲ್ಲಿ ತಂತಿಯಂಥ ತೆಳು ಪದರ ಏಳುತ್ತದೆ. ಅದು ಮೊದಲು ಅದ್ಭುತವಾಗಿ ಕತ್ತರಿಸಿ, ಅರ್ಧ ಕೆನ್ನೆ ಮುಗಿಯುವಷ್ಟರಲ್ಲಿ ಮುರಿದು ಬೀಳುತ್ತದೆ. ಹಾಗಾದರೆ ಬಾಯನ್ನು ನೆಟ್ಟಗೆ ನಿಲ್ಲಿಸಿ 8000ದ ಮೇಲೆ ಒಂದೇ ಸಲ ಹಗುರಾಗಿ ಎಳೆದು ಪದರ ಕೆಡವಿ, 8000ದ ಎಳೆತಗಳನ್ನು ಹೊಸದಾಗಿ ಮಾಡಿ.

ಚರ್ಮದ ಪಟ್ಟಿ

ಟೇಪ್ ಕಿತ್ತು, ಅಂಟು ಒರೆಸಿ. ಮೊದಲು ದಪ್ಪ ಹತ್ತಿ ಕ್ಯಾನ್ವಾಸಿನ ಮೇಲೆ 20 ಸಲ, ನಂತರ ಚರ್ಮದ ಮೇಲೆ 50 ಸಲ. ಇಲ್ಲಿ ಬೆನ್ನು ಮುಂದೆ, ಬಾಯಿ ಹಿಂದೆ, ಕಲ್ಲಿಗೆ ತದ್ವಿರುದ್ಧ. ಪಟ್ಟಿ ಬಿಗಿಯಾಗಿರಲಿ, ಜೋತುಬಿದ್ದರೆ ಬಾಯಿ ಗುಂಡಾಗುತ್ತದೆ. ಪಟ್ಟಿ ಕೊಯ್ದುಹೋಗುವುದು ತಿರುಗಿಸುವ ಅವಸರದಲ್ಲಿ, ಆದ್ದರಿಂದ ವೇಗ ಬೇಡ. ಮಳೆಗಾಲದಲ್ಲಿ ಚರ್ಮಕ್ಕೆ ಬೂಸಲು ಬಂದರೆ ಒಣಬಟ್ಟೆಯಿಂದ ಒರೆಸಿ ನೆರಳಿನ ಗಾಳಿಗೆ ಹಾಕಿ, ಬಿಸಿಲಿಗಿಟ್ಟರೆ ಗಡುಸಾಗಿ ಸೀಳುತ್ತದೆ. ಹರಿತ ಸ್ವಲ್ಪ ಕಮ್ಮಿ ಎನಿಸಿದರೆ 0.5 ಮೈಕ್ರಾನಿನ ಕ್ರೋಮಿಯಂ ಆಕ್ಸೈಡ್ ಹಚ್ಚಿದ ಬೇರೆಯೇ ಪಟ್ಟಿಯ ಮೇಲೆ 10 ಎಳೆತ ಕೊಡಿ.

ಮುಖಕ್ಕೆ ತರುವ ಮೊದಲು 70 ಪ್ರತಿಶತದ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಅಲಗನ್ನೂ ಹಿಡಿಯ ಒಳಮೈಯನ್ನೂ ಒರೆಸಿ. ಬ್ಲೀಚ್ ಬೇಡ, ಉಕ್ಕನ್ನು ತಿನ್ನುತ್ತದೆ. ಒಂದು ಕತ್ತಿ ಒಬ್ಬರಿಗೇ ಇರಲಿ. ರಕ್ತದಿಂದ ಹರಡುವ ಹೆಪಟೈಟಿಸ್ ಬಿ, ಎಚ್‌ಐವಿಯ ಭಯ ಇಂಥ ಕತ್ತಿಯಲ್ಲಿ ನಿಜವಾದದ್ದು, ಅಂಗಡಿಗಳಿಂದ ಇದು ಮಾಯವಾದದ್ದಕ್ಕೂ ಅದು ದೊಡ್ಡ ಕಾರಣ.

ಮಳೆಗಾಲಕ್ಕೆ ಇಡುವುದು

ಈ ಕರಾವಳಿಯಲ್ಲಿ ವರ್ಷಕ್ಕೆ 3000 ಮಿ.ಮೀ. ಮೀರಿ ಮಳೆ. ಬಳಸಿದ ಮೇಲೆ ಅಲಗನ್ನು ತೊಳೆದು, ಮೃದುವಾದ ಕಾಗದದಲ್ಲಿ ಬೆನ್ನಿನಿಂದ ಬಾಯಿಯ ಕಡೆಗೆ ಒರೆಸಿ, ಹತ್ತು ನಿಮಿಷ ಫ್ಯಾನಿನ ಗಾಳಿಗೆ ತೆರೆದಿಡಿ. ಹಿಡಿಯ ಮೊಳೆಯ ಸುತ್ತ ನೀರು ನಿಲ್ಲುವುದನ್ನು ಎಲ್ಲರೂ ಮರೆಯುತ್ತಾರೆ, ಅಲ್ಲಿ ಹತ್ತಿದ ತುಕ್ಕು ಹೊರಗೆ ಕಾಣುವುದು ಬಹಳ ತಡವಾಗಿ.

ಎಣ್ಣೆ ಎಂದಾಗ ನಮ್ಮ ಕೈ ಮೊದಲು ಹೋಗುವುದು ತೆಂಗಿನೆಣ್ಣೆಗೆ. ಅದು ಕಮಟುತ್ತದೆ, ಆಗ ಬಿಡುವ ಆಮ್ಲ ಉಕ್ಕಿಗೆ ಒಳ್ಳೆಯದಲ್ಲ. ಶಿರಸಿಯ ಚಳಿಗೆ ಗಟ್ಟಿಯೂ ಆಗುತ್ತದೆ. ಹೊಲಿಗೆ ಯಂತ್ರದ ಎಣ್ಣೆಯ ಎರಡು ಹನಿಯನ್ನು ಬೆರಳಿನಿಂದ ಬೆನ್ನು, ಅಲಗು, ಬಾಲಕ್ಕೆ ಸವರಿ, ಮೊಳೆಯ ಸಂದಿಗೂ ಒಂದು ಹನಿ ಬಿಡಿ. ಚರ್ಮದ ಚೀಲದಲ್ಲಿ ಇಡಬೇಡಿ, ತೇವ ಹಿಡಿದುಕೊಳ್ಳುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್‌ನ ಚೀಲದೊಂದಿಗೆ ಇಡಿ. ಬಣ್ಣ ಬದಲಾಗುವ ಹರಳಾದರೆ ನೀಲಿಯದು ಗುಲಾಬಿಯಾದಾಗ ಒಣಗಿಸಬೇಕು, ಅಡುಗೆಯ ಪಾತ್ರೆಯಲ್ಲಿ ಮಾತ್ರ ಬೇಡ, ಆ ಬಣ್ಣ ವಿಷಕಾರಿ. ಸೆಲ್ಯುಲಾಯ್ಡ್ ಹಿಡಿಯದು ಮಾತ್ರ ಮುಚ್ಚಿದ ಡಬ್ಬಿಗೆ ಸೇರದು. ಅದಕ್ಕೆ ಗಾಳಿ ಬೇಕು, ಬೇರೆ ಕತ್ತಿಗಳಿಂದ ದೂರವಿರಬೇಕು, ವಾರಕ್ಕೊಮ್ಮೆ ಎಣ್ಣೆ ಮುಟ್ಟಬೇಕು. ಉಳಿದವನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹದಿನೈದು ದಿನಕ್ಕೊಮ್ಮೆ ತೆರೆದು ನೋಡಿ. ಕೆಂಪು ಚುಕ್ಕೆ ಕಂಡ ದಿನವೇ ಎಣ್ಣೆ ಹಚ್ಚಿ ಒರೆಸಿದರೆ ಗುಳಿ ಬೀಳುವ ಮೊದಲೇ ಹೋಗುತ್ತದೆ.